ಹಾಸ್ಟೆಲ್ ಕೋಣೆಯ ದೂಳಿನಲ್ಲಿ ಅಲರ್ಜಿಕಾರಕಗಳ ಪರೀಕ್ಷೆ ಹೇಗೆ?

ಪ್ರಶ್ನೆ (ವಿದ್ಯಾರ್ಥಿನಿ, ಶಿವಮೊಗ್ಗ):
ಮಾನ್ಯರೇ, ಶಿವಮೊಗ್ಗ ಮತ್ತು ತೀರ್ಥಹಳ್ಳಿಯ ವಿದ್ಯಾರ್ಥಿನಿಲಯಗಳ ಕೋಣೆಗಳಲ್ಲಿರುವ ಅಲರ್ಜಿಕಾರಕಗಳನ್ನು ಕುರಿತು ಕಿರುಅಧ್ಯಯನ ಕೈಗೊಳ್ಳಬೇಕೆಂದಿದ್ದೇನೆ. ದೂಳನ್ನು ಎಲ್ಲಿಂದ, ಯಾವ ಕಾಲದಲ್ಲಿ ಸಂಗ್ರಹಿಸಬೇಕು?

ಉತ್ತರ (ಪ್ರಯೋಗಾಲಯದವರು):
ನೆಲಕ್ಕಿಂತ ಹಾಸಿಗೆಯೇ ಮುಖ್ಯ. ನಮ್ಮ ಚರ್ಮದಿಂದ ಉದುರುವ ಹೊಟ್ಟನ್ನು ತಿಂದು ಬದುಕುವ, ಸುಮಾರು 0.3 ಮಿ.ಮೀ. ಉದ್ದದ ದೂಳುನುಸಿಗಳು ಗಾಳಿಯ ತೇವವನ್ನೇ ಹೀರಿಕೊಳ್ಳುವುದರಿಂದ, ಮಲೆನಾಡಿನ ಮಳೆಗಾಲ ಅವಕ್ಕೆ ಸುಗ್ಗಿಯಿದ್ದಂತೆ. ಎಲ್ಲ ಹಾಸಿಗೆಗಳಲ್ಲೂ ಒಂದೇ ವಿಸ್ತೀರ್ಣವನ್ನು ಒಂದೇ ಅವಧಿಯವರೆಗೆ, ಫಿಲ್ಟರ್ ಅಳವಡಿಸಿದ ವ್ಯಾಕ್ಯೂಮ್ ಕ್ಲೀನರಿನಿಂದ ಹೀರಿ, ಜರಡಿ ಹಿಡಿದು, ಎಲೈಸಾ (ಪ್ರತಿಕಾಯಗಳ ನೆರವಿನಿಂದ ಪ್ರೋಟೀನನ್ನು ಗುರುತಿಸಿ ಅಳೆಯುವ ಪರೀಕ್ಷೆ) ವಿಧಾನದಿಂದ, ಈ ನುಸಿಗಳಿಂದ ಬರುವ ಅಲರ್ಜಿಕಾರಕವಾದ ಡೆರ್ ಪಿ 1 ಪ್ರೋಟೀನನ್ನು ಅಳೆಯಬೇಕು. ಒಂದು ಗ್ರಾಂ ದೂಳಿನಲ್ಲಿ ಅದು 2 ಮೈಕ್ರೋಗ್ರಾಂ ಮೀರಿದರೆ ಅಲರ್ಜಿ ಬೆಳೆಯುವ, 10 ಮೀರಿದರೆ ಅಸ್ತಮಾ ಉಲ್ಬಣಿಸುವ ಅಪಾಯವಿದೆ ಎಂಬುದು ರೂಢಿಯ ಅಳತೆಗೋಲು. ಅದನ್ನು ಕಲ್ಲಿನಲ್ಲಿ ಕೊರೆದ ಗೆರೆಯೆಂದು ಭಾವಿಸಬಾರದು.

ಉತ್ತರ (ನಿವೃತ್ತ ಅಧ್ಯಾಪಕರು):
ಜುಲೈ, ಮಾರ್ಚ್ ಎರಡರಲ್ಲೂ ಮಾದರಿ ತೆಗೆಯಿರಿ. ಒಂದೇ ಋತುವಿನ ಅಂಕಿಗಳು ದಾರಿ ತಪ್ಪಿಸುತ್ತವೆ. ಕೋಣೆಯೊಳಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಾರೆಯೇ, ಗೋಡೆಗೆ ಬೂಷ್ಟು ಹಿಡಿದಿದೆಯೇ, ತಿಂಡಿ ಡಬ್ಬಗಳ ಸುತ್ತ ಜಿರಳೆಗಳಿವೆಯೇ ಎಂಬುದನ್ನೂ ಆರ್ದ್ರತೆಯೊಂದಿಗೆ ದಾಖಲಿಸಿಕೊಳ್ಳಿ. ವಾರ್ಡನ್ನರ ಅನುಮತಿ ಮೊದಲೇ ಇರಲಿ.

ಪ್ರಶ್ನೆ ಕೇಳಿದವರು:
ಧನ್ಯವಾದಗಳು ಸರ್. ಹಾಸಿಗೆಯನ್ನು ಬಿಸಿಲಿಗೆ ಹಾಕಿದರೆ ಸಾಲದೇ?

ಉತ್ತರ (ಪ್ರಯೋಗಾಲಯದವರು):
ಸಾಲದು. ನುಸಿ ಸತ್ತರೂ ಅದರ ಹಿಕ್ಕೆಯಲ್ಲಿರುವ ಪ್ರೋಟೀನ್ ಉಳಿಯುತ್ತದೆ. ಹೊದಿಕೆ, ದಿಂಬಿನ ಚೀಲಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆಯಬೇಕು.