ಗಿಣಿ ಹೊಂದಿಕೊಂಡಿತೋ, ಒಗ್ಗಿತೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕೊಪ್ಪಳದ ನಮ್ಮ ಶಾಲೆಯ ಪಡಸಾಲೆಯಲ್ಲಿ ಸುತ್ತಲಿನ ಹಕ್ಕಿಗಳ ಫಲಕ ಹಾಕುತ್ತಿದ್ದೇವೆ. ಗಿಣಿಯ ಬಗ್ಗೆ ಬರೆಯುವ ಪಾಲು ನನಗೆ ಬಂದಿದೆ. ಗಂಡಿನ ಕೊರಳಿಗೆ ಕಪ್ಪು, ಗುಲಾಬಿ ಬಣ್ಣದ ಪಟ್ಟಿಯಿರುವ, ಬಾಲವೂ ಸೇರಿ ಸುಮಾರು 40 ಸೆಂಟಿಮೀಟರ್ ಉದ್ದದ ನಮ್ಮ ನಿತ್ಯದ ಗಿಣಿ. ಬದಲಾದ ನೆಲೆಯಲ್ಲೂ ಬದುಕುವ ಇಂಥ ಜೀವಿಗಳ ಗುಣಕ್ಕೆ ಪಠ್ಯಪುಸ್ತಕಗಳು 'ಹೊಂದಾಣಿಕೆ' ಎನ್ನುತ್ತವೆ. ಈ ಹಕ್ಕಿಗೆ ಆ ಮಾತು ಸಲ್ಲುತ್ತದೆಯೇ?

ಹೊಂದಿಕೊಳ್ಳುವುದೆಂದರೆ ನಮ್ಮ ಬಳಕೆಯಲ್ಲಿ ಏನನ್ನಾದರೂ ಬಿಟ್ಟುಕೊಡುವುದು. ಹೊಸ ಸೊಸೆಗೆ 'ಹೊಂದಿಕೊಂಡು ಹೋಗವ್ವ' ಎಂದು ಹೇಳುವಾಗ ಅದೇ ಅರ್ಥ. ಚುನಾವಣೆಯ ಸೀಟು ಹೊಂದಾಣಿಕೆಯಲ್ಲೂ ಎರಡೂ ಕಡೆಯವರು ಒಂದಿಷ್ಟು ಕಳೆದುಕೊಳ್ಳುತ್ತಾರೆ. ಗಿಣಿ ಏನನ್ನು ಬಿಟ್ಟುಕೊಟ್ಟಿದೆ ಎಂದು ಹುಡುಕಿದರೆ ಕೈಗೆ ಹೆಚ್ಚೇನೂ ಸಿಗುವುದಿಲ್ಲ. ಅದು ಗೂಡು ಹೆಣೆಯುವ ಹಕ್ಕಿಯಲ್ಲ. ಮರಕುಟಿಗವೋ ಕುಟ್ರುಹಕ್ಕಿಯೋ ಕೊರೆದು ಬಿಟ್ಟ ಪೊಟರೆಯನ್ನು ಕೊಕ್ಕಿನಿಂದ ಅಗಲಿಸಿಕೊಂಡು ಮೊಟ್ಟೆಯಿಡುತ್ತದೆ. ಹಳೆಯ ಮರ ಹೋದ ಕಡೆ ಕೋಟೆ, ಗುಡಿ, ಹಳೆಯ ಕಟ್ಟಡಗಳ ಗೋಡೆಯ ತೂತು ಹಿಡಿಯುತ್ತದೆ. ಕಲ್ಲಿನ ಸಂದಾದರೂ ಅದರ ಪಾಲಿಗೆ ಪೊಟರೆಯೇ.

ಊಟದ ವಿಷಯವೂ ಹೀಗೆಯೇ. ಸೂರ್ಯಕಾಂತಿ, ಮೆಕ್ಕೆಜೋಳ ಎರಡೂ ಅಮೆರಿಕ ಖಂಡದಿಂದ ಬಂದ ಬೆಳೆಗಳು. ಆದರೆ ಯಲಬುರ್ಗಾ ಕಡೆಯ ಹೊಲದಲ್ಲಿ ಗಿಣಿ ಕಾಳು ತಿನ್ನುವುದನ್ನು ಹತ್ತಿರದಿಂದ ನೋಡಿ. ಬಾಗಿದ ತೆನೆಯ ಅಂಚಿಗೆ ತಲೆಕೆಳಗಾಗಿ ಜೋತುಬಿದ್ದು ಒಂದು ಕಾಳು ಕೀಳುತ್ತದೆ, ದಪ್ಪ ನಾಲಿಗೆಯಿಂದ ಅದನ್ನು ಕೊಕ್ಕಿನೊಳಗೆ ಹೊರಳಿಸುತ್ತದೆ, ಸಿಪ್ಪೆ ಸೀಳಿ ಕೆಳಗೆ ಬೀಳುತ್ತದೆ. ಎರಡು ಬೆರಳು ಮುಂದಕ್ಕೆ, ಎರಡು ಹಿಂದಕ್ಕೆ ಇರುವ ಕಾಲಿನಲ್ಲಿ ಜೋಳದ ತೆನೆಯ ತುಂಡನ್ನು ಎತ್ತಿ ಹಿಡಿದುಕೊಂಡೂ ತಿನ್ನುತ್ತದೆ. ಕಾಡಿನ ಕಾಯಿಗೂ ಬೀಜಕ್ಕೂ ಬಳಸುತ್ತಿದ್ದ ಕೊಕ್ಕು, ಕಾಲು, ವರಸೆ ಎಲ್ಲವೂ ಹಾಗೆಯೇ ಇವೆ. ತಿಂದದ್ದಕ್ಕಿಂತ ಕಚ್ಚಿ ಕೆಡವಿದ್ದೇ ಹೆಚ್ಚು ಎಂಬ ರೈತರ ಸಂಕಟವೂ ನಿಜವಾದದ್ದು. ಫಲಕದಲ್ಲಿ ಅದನ್ನು ಮುಚ್ಚಿಡುವ ಮನಸ್ಸು ನನಗಿಲ್ಲ.

ಅಲ್ಲಿನ ಹಿರಿಯ ರೈತರೊಬ್ಬರು ಹೇಳಿದ ಮಾತಿನಿಂದಲೇ ಈ ಪತ್ರ ಹುಟ್ಟಿತು: "ಗಿಣಿ ನಮ್ಮ ಹೊಲಕ್ಕೆ ಒಗ್ಗಿದ್ದಲ್ಲ ಸರ್, ನಮ್ಮ ಹೊಲವೇ ಗಿಣಿಗೆ ಒಗ್ಗಿದೆ."

'ಒಗ್ಗು' ಎರಡು ದಿಕ್ಕಿಗೂ ನಡೆಯುವ ಕ್ರಿಯಾಪದ. 'ಈ ಊರಿನ ನೀರು ನನಗೆ ಒಗ್ಗಲಿಲ್ಲ' ಎನ್ನುತ್ತೇವೆ, 'ನಾನು ಈ ಊರಿನ ಬಿಸಿಲಿಗೆ ಒಗ್ಗಿದೆ' ಎಂದೂ ಎನ್ನುತ್ತೇವೆ. ಸಂತೆಯಿಂದ ತಂದ ಎಮ್ಮೆಗೆ ಮೇವು ಒಗ್ಗಬೇಕು, ಸಸಿ ಮಣ್ಣಿಗೆ ಒಗ್ಗಬೇಕು. 'ಹೊಂದು' ಎಂಬುದಕ್ಕೂ ಈ ಗುಣ ಕೊಂಚ ಇದೆ, ಅಂಗಿ ಮೈಗೆ ಹೊಂದುತ್ತದೆ. ಆದರೆ 'ಹೊಂದಿಕೊ' ಎಂದ ಕೂಡಲೇ ಬದಲಾಗುವ ಹೊಣೆ ಪೂರ್ತಿ ಒಬ್ಬರ ತಲೆಗೆ ಬರುತ್ತದೆ. ಕಾಲುವೆ ತಂದು, ಕಾಳಿನ ಬೆಳೆ ಹಬ್ಬಿಸಿ, ಪೇರಲ, ದಾಳಿಂಬೆ ನೆಟ್ಟವರು ನಾವು. ಬದಲಾದದ್ದು ನೆಲ. ಅದಕ್ಕೇ ಆ ರೈತರ ವಾಕ್ಯ ಜೀವಶಾಸ್ತ್ರದ ದೃಷ್ಟಿಯಿಂದಲೂ ಸರಿ ಎಂದು ನನಗೆ ಅನ್ನಿಸುತ್ತದೆ.

ದೂರದ ಉದಾಹರಣೆಯೂ ಇದನ್ನೇ ಹೇಳುತ್ತದೆ. ಭಾರತ ಉಪಖಂಡ ಮತ್ತು ಸಹಾರಾದ ದಕ್ಷಿಣದ ಆಫ್ರಿಕದ ಪಟ್ಟಿ ಈ ಗಿಣಿಯ ಮೂಲ ನೆಲೆ. ಪಂಜರದಿಂದ ತಪ್ಪಿಸಿಕೊಂಡ, ಬಿಡುಗಡೆಯಾದ ಹಕ್ಕಿಗಳ ಸಂತತಿ ಇಂದು ಲಂಡನ್, ಬ್ರಸೆಲ್ಸ್, ಆಮ್‌ಸ್ಟರ್‌ಡ್ಯಾಮ್ ನಗರಗಳಲ್ಲಿ ನೆಲೆಯೂರಿದೆ. ಅಲ್ಲಿನ ಚಳಿಗೆ ಅದು 'ಹೊಂದಿಕೊಂಡಿತು' ಎಂದು ಬರೆಯುವುದು ಸುಲಭ. ಆದರೆ ಯೂರೋಪಿನ ಈ ಹಕ್ಕಿಗಳು ಬಹುಪಾಲು ಪಾಕಿಸ್ತಾನ, ಉತ್ತರ ಭಾರತದ ಮೂಲದವು ಎಂದು ವಂಶವಾಹಿ ಅಧ್ಯಯನ ತೋರಿಸಿದೆ. ಚಳಿಗಾಲವನ್ನು ಕಂಡ ಪ್ರದೇಶದವು, ಅಂದರೆ ಚಳಿ ಅವಕ್ಕೆ ಊರಲ್ಲೇ ಒಂದಿಷ್ಟು ಒಗ್ಗಿತ್ತು.

ಮಕ್ಕಳು ಇನ್ನೊಂದು ಪದವನ್ನೂ ಇಲ್ಲಿ ಬೆರೆಸುತ್ತಾರೆ, 'ಪಳಗು'. ಮನುಷ್ಯರ ನಡುವೆ ಇರುವುದೆಲ್ಲ ಪಳಗಿದ್ದು ಎಂದು ಅವರ ಎಣಿಕೆ. ಮನೆಯ ಮುಂದಿನ ಬೇವಿನ ಮರದಲ್ಲಿ ಕೂತರೂ ಅದು ಕಾಡುಹಕ್ಕಿಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಮಾರುವುದೂ ಅಪರಾಧ. ಈ ಸಾಲು ಫಲಕದಲ್ಲಿ ದಪ್ಪ ಅಕ್ಷರದಲ್ಲಿ ಇರುತ್ತದೆ.

ಈಗ ನಿಮ್ಮಲ್ಲಿ ಕೇಳುವುದು ಇಷ್ಟು. 'ಒಗ್ಗು' ಕ್ರಿಯಾಪದದಿಂದ ಹಕ್ಕಿಯ ಗುಣವನ್ನು ಹೇಳುವ ನಾಮಪದವೊಂದು ನಿಮ್ಮ ಕಡೆ ಬಳಕೆಯಲ್ಲಿ ಇದೆಯೇ? 'ಒಗ್ಗಿಕೆ' ಎಂದು ಬರೆದರೆ ಆರನೇ ತರಗತಿಯ ಮಗುವಿಗೆ ತಟ್ಟನೆ ತಿಳಿಯುತ್ತದೆಯೇ? ಸಿಂಧನೂರು, ಮಾನ್ವಿ, ಸಿರುಗುಪ್ಪದ ಭತ್ತದ ಸೀಮೆಯವರು ಗಿಣಿಯ ಬಗ್ಗೆ ಮಾತನಾಡುವಾಗ ಯಾವ ಮಾತು ಬಳಸುತ್ತಾರೆ? ತೆಲುಗು, ಉರ್ದು ಮನೆಮಾತಿನವರು ನಿಮ್ಮ ಭಾಷೆಯ ಪದವನ್ನೂ ಒಂದು ಪೂರ್ತಿ ವಾಕ್ಯದಲ್ಲಿ ಇಟ್ಟು ಬರೆದರೆ ಬಹಳ ಉಪಕಾರವಾಗುತ್ತದೆ.