ಒಂದೇ ತಿಂಗಳಲ್ಲಿ ಗೂಗಲ್‌ನ ಮೊದಲ ಸ್ಥಾನ ಕೇಳುವ ಗಿರಾಕಿಗಳಿಗೆ ಏನು ಹೇಳುವುದು?

ನವನಗರದ ವೆಬ್ ಕೆಲಸಗಾರ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ಆರು ವರ್ಷಗಳಿಂದ ಬಾಗಲಕೋಟೆಯಲ್ಲಿ ಸಣ್ಣ ವ್ಯಾಪಾರಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು, ಅವರ ಆನ್‌ಲೈನ್ ಪ್ರಚಾರವನ್ನೂ ನೋಡಿಕೊಳ್ಳುತ್ತಿದ್ದೇನೆ. ಕರದಂಟು ಮಾಡುವವರು, ಗುಳೇದಗುಡ್ಡದ ಖಣದ ವ್ಯಾಪಾರಿಗಳು, ಹಲ್ಲಿನ ದವಾಖಾನೆಯವರು, ಟ್ರ್ಯಾಕ್ಟರ್ ಬಿಡಿಭಾಗ ಮಾರುವವರು, ಹೀಗೆ ಇಪ್ಪತ್ತು ಗಿರಾಕಿಗಳಿದ್ದಾರೆ. ಕೆಲಸ ನನಗೆ ತಿಳಿದಿದೆ. ಆದರೆ ಅವರ ಮನಸ್ಸಿನಲ್ಲಿ ಮೊದಲೇ ಬೇರೂರಿರುವ ತಪ್ಪು ತಿಳಿವಳಿಕೆಗಳನ್ನು, ಅವರಿಗೂ ನೋವಾಗದಂತೆ ನನ್ನ ಕೆಲಸವೂ ಕೈತಪ್ಪದಂತೆ ತಿದ್ದುವುದು ಹೇಗೆಂಬುದು ಇಂದಿಗೂ ತಿಳಿದಿಲ್ಲ.

ಕಳೆದ ವಾರ ಅಮೀನಗಡದ ಕಡೆಯ ಕರದಂಟು ತಯಾರಕರೊಬ್ಬರಿಗೆ ಯಾರೋ ಫೋನ್ ಮಾಡಿ, 30 ದಿನಗಳಲ್ಲಿ ಗೂಗಲ್‌ನ ಮೊದಲ ಸ್ಥಾನಕ್ಕೆ ತರುತ್ತೇವೆ, ತಾರದಿದ್ದರೆ ಹಣ ವಾಪಸ್ ಕೊಡುತ್ತೇವೆ ಎಂದಿದ್ದಾರೆ. ಅವರು ನನ್ನನ್ನು ಅಂಗಡಿಗೆ ಕರೆಸಿ, "ಅವರು ಖಾತ್ರಿ ಕೊಡ್ತಾರ, ನೀವ್ಯಾಕ ಕೊಡೂದಿಲ್ರಿ?" ಎಂದು ನೇರವಾಗಿಯೇ ಕೇಳಿದರು. ಅಂತಹ ಖಾತ್ರಿಯನ್ನು ಯಾರಿಂದಲೂ ಕೊಡಲಾಗದು ಎಂದು ನಾನು ಹೇಳಿದ್ದು, ನನಗೆ ಕೆಲಸ ಬರುವುದಿಲ್ಲ ಎಂದು ಒಪ್ಪಿಕೊಂಡಂತೆ ಅವರಿಗೆ ಕೇಳಿಸಿತು. ಮಾತಿನ ನಡುವೆ ತಮ್ಮ ಮೊಬೈಲಿನಲ್ಲಿ ತಮ್ಮದೇ ಅಂಗಡಿಯ ಹೆಸರನ್ನು ಹುಡುಕಿ, ಅದು ಮೇಲೆಯೇ ಬಂದದ್ದನ್ನು ತೋರಿಸಿ, ಅರ್ಧ ಕೆಲಸ ಆಗಿಯೇ ಇದೆಯಲ್ಲ ಎಂದರು. ಪುಟದಲ್ಲಿ "ಕರದಂಟು" ಎಂಬ ಪದವನ್ನು ನೂರು ಸಲ ಬರೆಯಿರಿ, ಮ್ಯಾಪಿನಲ್ಲಿ ಮೇಲೆ ಬರಲು ಗೂಗಲ್‌ಗೆ ಎಷ್ಟು ಕಟ್ಟಬೇಕೋ ಹೇಳಿರಿ, ಇನ್‌ಸ್ಟಾಗ್ರಾಮ್‌ಗೆ ಹತ್ತು ಸಾವಿರ ಫಾಲೋವರ್‌ಗಳನ್ನು ಹಾಕಿಸಿರಿ ಎಂಬ ಮಾತುಗಳೂ ಬಂದವು.

ಅವರು ಒಳ್ಳೆಯ ಮನುಷ್ಯರು, ಅವರ ಕರದಂಟೂ ಒಳ್ಳೆಯದು. ಹಣ ಕಳೆದುಕೊಂಡ ಮೇಲೆ ಮರಳಿ ಬರಲಿ ಎಂದು ಸುಮ್ಮನಿರಲು ನನ್ನ ಮನಸ್ಸು ಒಪ್ಪುವುದಿಲ್ಲ. ಇಂಥವರಿಗೆ ಹೇಗೆ ತಿಳಿಸಿ ಹೇಳುತ್ತೀರಿ? ಮೊದಲ ಮೂರು ತಿಂಗಳಲ್ಲಿ ಏನನ್ನು ತೋರಿಸಿ ನಂಬಿಕೆ ಉಳಿಸಿಕೊಳ್ಳುತ್ತೀರಿ?

ಕುಂದಾನಗರಿಯವನು, ಬೆಳಗಾವಿ

ನಮಸ್ಕಾರ. ನಾನು ಬೆಳಗಾವಿಯಲ್ಲಿ ಹನ್ನೊಂದು ವರ್ಷಗಳಿಂದ ಇದೇ ಕೆಲಸದಲ್ಲಿದ್ದೇನೆ. ನಿಮ್ಮ ಗಿರಾಕಿಯ ಪ್ರಶ್ನೆ ತಪ್ಪೇನಲ್ಲ. ಸಿಮೆಂಟು ಕೊಂಡರೂ ಮೋಟಾರು ಕೊಂಡರೂ ಖಾತ್ರಿ ಕೇಳುವ ವ್ಯಾಪಾರಿ ಇಲ್ಲಿಯೂ ಕೇಳುತ್ತಾರೆ. ಆದುದರಿಂದ "ಖಾತ್ರಿ ಕೊಡಲಾಗದು" ಎಂಬಲ್ಲಿಂದ ಮಾತು ಆರಂಭಿಸಬೇಡಿ, "ಯಾವ ಪದಕ್ಕೆ ಮೊದಲ ಸ್ಥಾನ?" ಎಂದು ಫೋನ್ ಮಾಡಿದವರನ್ನೇ ಕೇಳಲು ಹೇಳಿರಿ. ಅಂಗಡಿಯ ಹೆಸರು, ಊರು, ಓಣಿ ಎಲ್ಲವನ್ನೂ ಸೇರಿಸಿ ಯಾರೂ ಹುಡುಕದ ಉದ್ದನೆಯ ಪದಗುಚ್ಛವೊಂದನ್ನು ಆರಿಸಿ, ಅದಕ್ಕೆ ಮೊದಲ ಸ್ಥಾನ ತೋರಿಸಿ ಹಣ ಪಡೆಯುವುದು ಈ ಖಾತ್ರಿಯ ಹಿಂದಿರುವ ಸಾಮಾನ್ಯ ದಾರಿ. ಇನ್ನೊಂದು ದಾರಿಯೂ ಇದೆ: ಗೂಗಲ್ ಜಾಹೀರಾತು ಹಾಕಿ, ಮೇಲೆ "ಪ್ರಾಯೋಜಿತ" ಎಂಬ ಗುರುತಿನೊಡನೆ ಬಂದದ್ದನ್ನೇ ಮೊದಲ ಸ್ಥಾನವೆಂದು ತೋರಿಸುತ್ತಾರೆ, ಹಣ ನಿಂತ ದಿನವೇ ಅದೂ ಮಾಯವಾಗುತ್ತದೆ. ಮೊದಲ ಸ್ಥಾನದ ಖಾತ್ರಿಯನ್ನು ಯಾರಿಂದಲೂ ಕೊಡಲಾಗದೆಂದು ಗೂಗಲ್ ತಾನೇ ಬರೆದು ಪ್ರಕಟಿಸಿದೆ. ಎಸ್‌ಇಒ ಕೆಲಸ, ಅಂದರೆ ಹುಡುಕಾಟದಲ್ಲಿ ವೆಬ್‌ಸೈಟನ್ನು ಮೇಲೆ ತರುವ ಕೆಲಸ, ಫಲ ಕೊಡಲು ಸಾಮಾನ್ಯವಾಗಿ 4 ತಿಂಗಳಿನಿಂದ 1 ವರ್ಷ ಬೇಕೆಂದೂ ಹೇಳಿದೆ. ಆ ಪುಟವನ್ನು ಅವರ ಮೊಬೈಲಿನಲ್ಲಿಯೇ ತೆರೆದು, ಕನ್ನಡದಲ್ಲಿ ಓದಿ ಹೇಳಿರಿ. ನಿಮ್ಮ ಮಾತಿಗಿಂತ ಅದಕ್ಕೆ ತೂಕ ಹೆಚ್ಚು.

ತಮ್ಮ ಅಂಗಡಿಯ ಹೆಸರು ಹುಡುಕಿ ಸಮಾಧಾನಪಡುವ ವಿಚಾರ. ಹೆಸರು ಗೊತ್ತಿರುವವರು ಹೇಗಾದರೂ ಅಂಗಡಿಗೆ ಬಂದೇ ಬರುತ್ತಾರೆ. ಹೆಸರು ಗೊತ್ತಿಲ್ಲದೆ ಬರೀ ಪದಾರ್ಥವನ್ನು ಹುಡುಕುವವರು ಎಷ್ಟು ಜನ ಬಂದರು ಎಂಬುದೇ ನಿಜವಾದ ಲೆಕ್ಕ. ಅವರ ಮೊಬೈಲು ಅವರ ಅಂಗಡಿಯಲ್ಲೇ ಇರುವುದರಿಂದ ಗೂಗಲ್ ಹತ್ತಿರದ್ದನ್ನೇ ಮುಂದೆ ತೋರಿಸುತ್ತದೆ ಎಂಬುದನ್ನೂ ತಿಳಿಸಿರಿ. ಅದೇ ಹುಡುಕಾಟವನ್ನು ಹುಬ್ಬಳ್ಳಿಯಲ್ಲಿರುವ ಅವರ ನೆಂಟರಿಂದ ಮಾಡಿಸಿ, ಪರದೆಯ ಚಿತ್ರ ತರಿಸಿದರೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಮ್ಯಾಪಿನಲ್ಲಿ ಮೇಲೆ ಬರಲು ಗೂಗಲ್ ಹಣ ತೆಗೆದುಕೊಳ್ಳುವುದಿಲ್ಲ. ಮ್ಯಾಪಿನಲ್ಲಿ ಅಂಗಡಿಯ ವಿವರ ತೋರಿಸುವ ಬಿಸಿನೆಸ್ ಪ್ರೊಫೈಲ್ ಪೂರ್ತಿ ಉಚಿತ. ಹುಡುಕಿದ್ದಕ್ಕೂ ಅಂಗಡಿಗೂ ಇರುವ ಹೊಂದಿಕೆ, ಹುಡುಕುವವರಿಂದ ಅಂಗಡಿಗಿರುವ ದೂರ, ಜನರಲ್ಲಿ ಅಂಗಡಿ ಗಳಿಸಿರುವ ಹೆಸರು ಎಂಬ ಮೂರನ್ನು ಮುಖ್ಯವಾಗಿ ಅದು ನೋಡುತ್ತದೆ. ದೂರ ನಮ್ಮ ಕೈಯಲ್ಲಿಲ್ಲ. ನಿಮ್ಮೂರಿನಂತೆ ಹಳೆಯ ಊರು, ವಿದ್ಯಾಗಿರಿ, ನವನಗರ ಎಂದು ಮೂರು ಕಡೆ ಹರಡಿರುವಲ್ಲಿ, ನವನಗರದ ಅಂಗಡಿ ಹಳೆಯ ಊರಿನವರಿಗೆ ಮೊದಲು ಕಾಣದಿದ್ದರೆ ಅದು ಯಾರ ತಪ್ಪೂ ಅಲ್ಲ. ಉಳಿದ ಎರಡು ನಮ್ಮ ಕೈಯಲ್ಲಿವೆ. ಇಲ್ಲಿನ ಕುಂದಾ ಅಂಗಡಿಯೊಂದರ ಪ್ರೊಫೈಲಿನಲ್ಲಿ ಹಬ್ಬದ ದಿನಗಳ ಸಮಯ ತಪ್ಪಾಗಿತ್ತು, ವರ್ಗದ ಜಾಗದಲ್ಲಿ "ಹೋಟೆಲ್" ಎಂದಿತ್ತು, ಇದ್ದ ಒಂದೇ ಚಿತ್ರದಲ್ಲಿ ಮುಚ್ಚಿದ ಷಟರ್ ಕಾಣುತ್ತಿತ್ತು. ಈ ಮೂರನ್ನು ಸರಿಪಡಿಸಿ, ಕುಂದಾದ ಬೆಲೆಯನ್ನೂ ಕೆಡದೆ ಎಷ್ಟು ದಿನ ಇರುತ್ತದೆ ಎಂಬುದನ್ನೂ ಬರೆದು, ಗಿರಾಕಿಗಳ ಅಭಿಪ್ರಾಯಗಳಿಗೆಲ್ಲ ಉತ್ತರಿಸಿದ ಮೇಲೆ, ದೀಪಾವಳಿಯ ಹೊತ್ತಿಗೆ ಗೋವಾ ಮತ್ತು ಕೊಲ್ಲಾಪುರದಿಂದಲೂ ಕರೆಗಳು ಬರತೊಡಗಿದವು. ಒಳ್ಳೆಯ ಅಭಿಪ್ರಾಯ ಬರೆದವರಿಗೆ ಅರ್ಧ ಕಿಲೋ ಉಚಿತ ಎಂಬ ಯೋಚನೆಯನ್ನು ಮಾಲೀಕರು ಮುಂದಿಟ್ಟಾಗ ನಾನು ಬೇಡವೆಂದೆ, ಏಕೆಂದರೆ ಆಮಿಷ ಒಡ್ಡಿ ಅಭಿಪ್ರಾಯ ಬರೆಸುವುದು ಗೂಗಲ್‌ನ ನಿಯಮಕ್ಕೆ ವಿರುದ್ಧ.

ಒಂದೇ ಪದವನ್ನು ನೂರು ಸಲ ಬರೆಸುವುದು ಹಳೆಯ ಕಾಲದ ನಂಬಿಕೆ. ಪುಟದ ಒಳಗೆ ಅಡಗಿಸಿಡುತ್ತಿದ್ದ ಹುಡುಕುಪದಗಳ ಪಟ್ಟಿಯನ್ನು, ಅಂದರೆ ಕೀವರ್ಡ್ ಟ್ಯಾಗನ್ನು, ತಾನು ಬಳಸುವುದಿಲ್ಲವೆಂದು ಗೂಗಲ್ 2009ರಲ್ಲಿಯೇ ಪ್ರಕಟಿಸಿತ್ತು. ಆದರೆ ಪದಗಳ ವಿಚಾರದಲ್ಲಿ ನಮ್ಮ ಭಾಗಕ್ಕೆ ಬೇರೊಂದು ಅಗತ್ಯವಿದೆ. 2014ರ ನವೆಂಬರ್ 1ರಂದು ನಮ್ಮೂರಿನ ಹೆಸರು ಬೆಳಗಾವಿ ಎಂದು ಬದಲಾದರೂ ಹೊರಗಿನವರಲ್ಲಿ ಅನೇಕರು ಈಗಲೂ ಬೆಲ್ಗಾಮ್ ಎಂದೇ ಹುಡುಕುತ್ತಾರೆ. ಎರಡೂ ಹೆಸರುಗಳು ಪುಟದಲ್ಲಿ ಸಹಜವಾಗಿ ಬರುವಂತೆ ಬರೆಯುವುದು ಒಳ್ಳೆಯದು.

ಮೂರು ತಿಂಗಳಲ್ಲಿ ತೋರಿಸಬೇಕಾದದ್ದು ಸ್ಥಾನವನ್ನಲ್ಲ. ಪ್ರೊಫೈಲಿನಲ್ಲಿ ಕರೆಯ ಗುಂಡಿ ಒತ್ತಿದವರು ಎಷ್ಟು, ದಾರಿ ಕೇಳಿದವರು ಎಷ್ಟು, ಯಾವ ಪದ ಹುಡುಕಿ ಬಂದರು ಎಂಬುದು ಉಚಿತವಾಗಿಯೇ ಸಿಗುತ್ತದೆ. ಅದರ ಜೊತೆಗೆ ಗಲ್ಲೆಯ ಪಕ್ಕದಲ್ಲಿ ಒಂದು ನೋಟುಪುಸ್ತಕ ಇಡಿಸಿ, ಹೊಸ ಗಿರಾಕಿ ಬಂದಾಗಲೆಲ್ಲ "ನಮ್ಮ ಅಂಗಡಿ ಹೇಗೆ ಗೊತ್ತಾಯಿತು?" ಎಂದು ಕೇಳಿ ಬರೆಯಿಸಿರಿ. ವ್ಯಾಪಾರಿಗೆ ತನ್ನ ಕೈಬರಹದ ಲೆಕ್ಕದ ಮೇಲಿರುವ ನಂಬಿಕೆ ನಮ್ಮ ಪರದೆಯ ಮೇಲಿರುವುದಿಲ್ಲ.

ಕೊಂಡಿ ಸೆರಗು, ಇಳಕಲ್

ನಾನು ಗಿರಾಕಿಯ ಕಡೆಯವನು. ಸೀರೆ ವ್ಯಾಪಾರ ನಮ್ಮ ತಂದೆಯವರ ಕಾಲದಿಂದ ನಡೆದು ಬಂದಿದೆ. ಮೇಲಿನ ಮಾತುಗಳನ್ನು ಓದುವಾಗ ನನ್ನ ಕಥೆಯನ್ನೇ ಓದಿದಂತಾಯಿತು. ನಾನೂ ಇಂತಹ ಖಾತ್ರಿಗೆ 40,000 ರೂಪಾಯಿ ಕೊಟ್ಟವನು. ಇನ್‌ಸ್ಟಾಗ್ರಾಮ್‌ನಲ್ಲಿ ಫಾಲೋವರ್‌ಗಳು ಎಂಟು ಸಾವಿರ ದಾಟಿದರು. ಅವರಲ್ಲಿ ಸೀರೆಯ ಬೆಲೆ ಕೇಳಿದವರು ಒಬ್ಬರೂ ಇರಲಿಲ್ಲ. ಅದಕ್ಕಿಂತಲೂ ದೊಡ್ಡ ನಷ್ಟ ಆದದ್ದು ಬೇರೆ. ವೆಬ್‌ಸೈಟ್ ಮಾಡಿಕೊಟ್ಟವರು ಅದರ ಡೊಮೇನನ್ನು, ಅಂದರೆ ವೆಬ್‌ಸೈಟಿನ ವಿಳಾಸವನ್ನು, ತಮ್ಮ ಹೆಸರಿನಲ್ಲಿಯೇ ನೋಂದಾಯಿಸಿಕೊಂಡಿದ್ದರು. ಜಗಳವಾದ ಮೇಲೆ ಅವರು ಫೋನ್ ಎತ್ತಲಿಲ್ಲ. ಬೇರೆಡೆಗೆ ವರ್ಗಾಯಿಸಲು ಬೇಕಾದ ಕೋಡ್ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರಿಗೇ ಸಿಗುತ್ತದೆಯಂತೆ. ಅಂಗಡಿಯ ಬೋರ್ಡಿನ ಮೇಲೆ, ಬಿಲ್ಲಿನ ಮೇಲೆ, ಕೈಚೀಲದ ಮೇಲೆ ಅಚ್ಚು ಹಾಕಿಸಿದ್ದ ಹೆಸರನ್ನು ಬಿಟ್ಟು ಹೊಸ ಹೆಸರು ತೆಗೆದುಕೊಳ್ಳಬೇಕಾಯಿತು. ಡೊಮೇನ್ ಎಂದರೆ ಅಂಗಡಿಯ ಜಾಗದ ಉತಾರ, ಅಂದರೆ ಒಡೆತನದ ದಾಖಲೆ, ಇದ್ದಂತೆ ಎಂದು ಅಂದೇ ಯಾರಾದರೂ ಹೇಳಿದ್ದರೆ ನನಗೆ ಕೂಡಲೇ ಅರ್ಥವಾಗುತ್ತಿತ್ತು.

ಈಗ ಕೆಲಸ ಮಾಡಿಕೊಡುತ್ತಿರುವ ಹುಡುಗಿ ಮೊದಲ ದಿನ ವೆಬ್‌ಸೈಟಿನ ಮಾತೇ ಎತ್ತಲಿಲ್ಲ. ಗಿರಾಕಿಗಳು ಅಂಗಡಿಯಲ್ಲಿ ಏನೇನು ಕೇಳುತ್ತಾರೆಂದು ಒಂದು ತಾಸು ಕುಳಿತು ಕೇಳಿಸಿಕೊಂಡಳು. ಎಲ್ಲರೂ ಕೇಳುವುದು ಒಂದೇ: ಇದು ಕೈಮಗ್ಗದ್ದೋ ಪವರ್‌ಲೂಮಿನದ್ದೋ? ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಕುಣಿಕೆಗಳಿಂದ ಜೋಡಿಸುವ ಕೊಂಡಿ ಎಂದರೇನು, ತೋಪ ತೆನಿ ಸೆರಗನ್ನು ಹೇಗೆ ಗುರುತಿಸಬೇಕು, ಗೋಮಿ ದಡಿಗೂ ಪರಾಸಪೇಟ ದಡಿಗೂ ಏನು ವ್ಯತ್ಯಾಸ ಎಂಬುದನ್ನು ನಮ್ಮ ನೇಕಾರರ ಬಾಯಿಂದಲೇ ಹೇಳಿಸಿ, ಚಿತ್ರಗಳೊಂದಿಗೆ ಬರೆದು ಹಾಕಿದೆವು. ಮರಾಠಿಯವರು ಈ ಸೀರೆಯನ್ನು "ಇರಕಲ್" ಎನ್ನುತ್ತಾರೆಂದು ನನಗೆ ಹುಟ್ಟಿದಾಗಿನಿಂದ ಗೊತ್ತು. ಆದರೆ ಅದನ್ನು ಪುಟದಲ್ಲಿ ಬರೆಯಬೇಕೆಂದು ಹೊಳೆದಿರಲಿಲ್ಲ. ಬರೆದ ಐದಾರು ತಿಂಗಳ ಮೇಲೆ ಸೊಲ್ಲಾಪುರ, ಪುಣೆಗಳ ಕಡೆಯಿಂದ ಕರೆಗಳು ಬರಲಾರಂಭಿಸಿದವು. ಬಂದವರೊಂದಿಗೆ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ ಮಾತು ಮುಂದುವರಿಯುತ್ತದೆ. ಅಲ್ಲಿಯೂ ಒಂದು ತಪ್ಪು ತಿಳಿವಳಿಕೆ ನನ್ನಲ್ಲಿತ್ತು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರನ್ನು ಸೇರಿಸಿದರೆ ಎಲ್ಲರಿಗೂ ಸಂದೇಶ ತಲುಪುತ್ತದೆ ಎಂದುಕೊಂಡಿದ್ದೆ. ನಮ್ಮ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ.

ನಿಮ್ಮ ಕರದಂಟಿನ ಯಜಮಾನರಿಗೆ ಬೇಕಾದರೆ ನನ್ನ ಮಾತನ್ನು ಓದಿ ಹೇಳಿರಿ.

ಗುಮ್ಮಟದ ನೆರಳು, ವಿಜಯಪುರ

ಹೆಸರುಗಳ ಮಾತು ಬಂದದ್ದರಿಂದ ಇದನ್ನು ಸೇರಿಸುತ್ತೇನೆ. ನಮ್ಮ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ತಾವೇ ಗೂಗಲ್ ಜಾಹೀರಾತು ಹಾಕಿ, ಊರಿನ ಜಾಗದಲ್ಲಿ "ಬಿಜಾಪುರ" ಎಂದು ಬರೆದು, ಪಟ್ಟಿಯಲ್ಲಿ ಮೊದಲು ಕಂಡದ್ದನ್ನು ಆರಿಸಿಬಿಟ್ಟಿದ್ದರು. ಅದು ಛತ್ತೀಸ್‌ಗಢದ ಬಿಜಾಪುರವಾಗಿತ್ತು. ಎರಡು ವಾರಗಳ ಹಣ ಅಲ್ಲಿಗೇ ಹೋಯಿತು. ಊರನ್ನು ಸರಿಪಡಿಸಿದ ಮೇಲೂ ಹೊರಗಿನ ಕ್ಲಿಕ್‌ಗಳು ಬರುತ್ತಲೇ ಇದ್ದವು. ಏಕೆಂದರೆ ಆ ಊರಿನಲ್ಲಿ ಇರುವವರಿಗಷ್ಟೇ ಅಲ್ಲದೆ, ಅದರ ಬಗ್ಗೆ ಆಸಕ್ತಿ ತೋರಿಸಿದವರಿಗೂ ಜಾಹೀರಾತು ಕಾಣಿಸುವ ಆಯ್ಕೆಯನ್ನು ಗೂಗಲ್ ತಾನಾಗಿಯೇ ಇಟ್ಟಿರುತ್ತದೆ. ಗೋಳಗುಮ್ಮಟ ನೋಡಲು ಬರುವವರಿಗಾಗಿ ಕಾಯುವ ಲಾಡ್ಜಿನವರಿಗೆ ಆ ಆಯ್ಕೆಯೇ ಬೇಕು. ಮನೆಮನೆಗೆ ನೀರಿನ ಕ್ಯಾನ್ ಹಾಕುವವರಿಗೆ ಅದು ಶುದ್ಧ ನಷ್ಟ. ಗಿರಾಕಿ ತಾವೇ ಹಾಕಿಕೊಂಡ ಜಾಹೀರಾತು ಫಲಿಸಲಿಲ್ಲವೆಂದು ಬಂದರೆ, ಜಾಹೀರಾತೇ ಸುಳ್ಳು ಎಂಬ ಅವರ ತೀರ್ಮಾನವನ್ನು ಒಪ್ಪುವ ಮೊದಲು ಈ ಎರಡನ್ನು ನೋಡಿರಿ.

ನವನಗರದ ವೆಬ್ ಕೆಲಸಗಾರ, ಬಾಗಲಕೋಟೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿನ್ನೆ ಸಂಜೆ ಯಜಮಾನರ ಎದುರಿಗೇ ಕುಳಿತು, ಖಾತ್ರಿ ಕೊಟ್ಟವರಿಗೆ ಅವರಿಂದಲೇ ಫೋನ್ ಮಾಡಿಸಿ, ಯಾವ ಪದಕ್ಕೆ ಮೊದಲ ಸ್ಥಾನವೆಂದು ಕೇಳಿಸಿದೆ. ಆ ಕಡೆಯವರು ಕೊಟ್ಟ ಪದಗುಚ್ಛದಲ್ಲಿ ಅಂಗಡಿಯ ಪೂರ್ತಿ ಹೆಸರೂ ಸೇರಿತ್ತು. ಯಜಮಾನರು ಏನೂ ಹೇಳದೆ ಫೋನ್ ಇಟ್ಟು, ಚಹಾ ತರಿಸಿದರು. ಆಮೇಲೆ ಸೀರೆ ವ್ಯಾಪಾರಿಗಳ ಮಾತನ್ನು ಪೂರ್ತಿಯಾಗಿ ಓದಿಸಿಕೊಂಡರು. ಕರದಂಟಿನಲ್ಲಿ ಅಂಟು ಎಷ್ಟು, ಬೆಲ್ಲ ಯಾವುದು, ಬಾಣಂತಿಗೆ ಕೊಡಬಹುದೇ, ಗೋಕಾಕದ ಕರದಂಟಿಗೂ ಅಮೀನಗಡದ್ದಕ್ಕೂ ವ್ಯತ್ಯಾಸವೇನು ಎಂದು ತಮ್ಮನ್ನು ಜನ ಕೇಳುವ ಪ್ರಶ್ನೆಗಳನ್ನು ತಾವೇ ಹೇಳುತ್ತಾ ಹೋದರು, ನಾನು ಬರೆದುಕೊಂಡೆ. ನೋಟುಪುಸ್ತಕವೂ ಗಲ್ಲೆಯ ಪಕ್ಕಕ್ಕೆ ಬಂದಿದೆ. ಆರು ತಿಂಗಳು ನೋಡೋಣ ಎಂದಿದ್ದಾರೆ.

ಡೊಮೇನ್ ವಿಚಾರ ಓದಿದ ಮೇಲೆ ರಾತ್ರಿ ನನ್ನ ಇಪ್ಪತ್ತೂ ಗಿರಾಕಿಗಳ ಪಟ್ಟಿ ತೆಗೆದು ನೋಡಿದೆ. ಮೂವರ ಡೊಮೇನ್ ನನ್ನ ಹೆಸರಿನಲ್ಲಿದೆ. ಆಗ ಅವರಿಗೆ ಇಮೇಲ್ ಇರಲಿಲ್ಲವೆಂದು ನಾನೇ ಹಾಗೆ ಮಾಡಿದ್ದೆ. ನಾಳೆ ನನಗೇನಾದರೂ ಆದರೆ ಅವರ ಗತಿಯೇನೆಂದು ಯೋಚಿಸಿರಲಿಲ್ಲ. ಒಬ್ಬರದನ್ನು ಇಂದು ಬೆಳಿಗ್ಗೆ ಅವರ ಹೆಸರಿಗೆ ಬದಲಿಸಿದ್ದೇನೆ. ಉಳಿದ ಇಬ್ಬರಿಗೆ ಇಮೇಲ್ ಖಾತೆ ಮಾಡಿಸಿ, ಪಾಸ್‌ವರ್ಡನ್ನು ಅವರ ಕೈಯಿಂದಲೇ ಬರೆಸಿ, ಮನೆಯ ಕಾಗದಪತ್ರಗಳ ಜೊತೆಗೆ ಇಡಿಸುವುದು ಈ ಭಾನುವಾರದ ಕೆಲಸ.