ರಂಗೋಲಿ ವಿಡಿಯೋ ರಿವರ್ಸ್ ಮಾಡಲು ಹೋದರೆ 90%ಗೆ ನಿಲ್ಲುತ್ತೆ, ದಾರಿ ಹೇಳಿ

ಪ್ರಶ್ನೆ: ರಂಗೋಲಿ ಬಿಡಿಸುವ 40 ಸೆಕೆಂಡಿನ ಕ್ಲಿಪ್, ಫೋನಲ್ಲಿ ತೆಗೆದಿದ್ದು, 4ಕೆ, 30 ಎಫ್‌ಪಿಎಸ್ (ಸೆಕೆಂಡಿಗೆ 30 ಫ್ರೇಮ್, ಅಂದರೆ 30 ಚಿತ್ರ). ಗೆರೆ ಅಳಿಯುತ್ತ ಪುಡಿಯೆಲ್ಲ ವಾಪಸ್ ಬೆರಳಿಗೆ ಏರಬೇಕು. ಬ್ರೌಸರ್‌ನಲ್ಲೇ ನಡೆಯುವ ಎಡಿಟಿಂಗ್ ಟೂಲ್‌ಗೆ ಹಾಕಿದರೆ 90%ವರೆಗೆ ಹೋಗಿ ಟ್ಯಾಬ್ ಕ್ರ್ಯಾಶ್. ಲ್ಯಾಪ್‌ಟಾಪ್ 8 ಜಿಬಿಯದು.

ಉತ್ತರ: ಫೈಲ್ ಸೈಜ್ ನೋಡಿ ಮೋಸಹೋಗಬೇಡಿ. ಎಂಪಿ4 ಒಳಗೆ ಎಲ್ಲ ಫ್ರೇಮೂ ಪೂರ್ತಿ ಚಿತ್ರವಲ್ಲ. ಆಗೊಂದು ಈಗೊಂದು ಮಾತ್ರ ಪೂರ್ತಿ ಚಿತ್ರ, ಅದೇ ಕೀಫ್ರೇಮ್. ಮಿಕ್ಕವು ಅಕ್ಕಪಕ್ಕದ ಫ್ರೇಮಿಗಿಂತ ಏನು ಬದಲಾಯಿತು ಅನ್ನುವ ಲೆಕ್ಕ ಅಷ್ಟೆ. ಹಾಗಾಗಿ ಬಾಲದಿಂದ ಓದಿಕೊಂಡು ಬರಲಾಗದು. ಇಂಥ ಹಲವು ಟೂಲ್‌ಗಳ ಒಳಗೆ ಕೆಲಸ ಮಾಡುವುದು ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಪ್ರೋಗ್ರಾಂ. ಅದರ ರಿವರ್ಸ್ ಫಿಲ್ಟರ್ ಮೊದಲಿಂದ ಬಿಚ್ಚುತ್ತ ಬಂದು, ಎಲ್ಲ ಫ್ರೇಮನ್ನೂ ಮೆಮೊರಿಯಲ್ಲಿ ಗುಡ್ಡೆ ಹಾಕಿಕೊಂಡು, ಆಮೇಲೆ ಕೊನೆಯದರಿಂದ ಬರೆಯುತ್ತೆ. ಬಿಚ್ಚಿದ 4ಕೆ ಫ್ರೇಮ್ ಒಂದಕ್ಕೆ ಸುಮಾರು 12.4 ಎಂಬಿ. ನಿಮ್ಮದು 1,200 ಫ್ರೇಮ್, ಅಂದರೆ ಹತ್ತಿರಹತ್ತಿರ 15 ಜಿಬಿ! ಬ್ರೌಸರ್ ಒಳಗೆ ಇಂಥ ಪ್ರೋಗ್ರಾಂ ಓಡಿಸುವ 32-ಬಿಟ್ ವೆಬ್‌ಅಸೆಂಬ್ಲಿಗೆ ಮೆಮೊರಿ ಮಿತಿಯೇ 4 ಜಿಬಿ. 1080ಪಿಗೆ ಇಳಿಸಿದರೂ 3.7 ಜಿಬಿ, ಅಂಚಿನಲ್ಲೇ ನಿಂತ ಹಾಗೆ.

ಇನ್ನೊಬ್ಬರು: ಮೇಲಿನ ಲೆಕ್ಕ ಸರಿ. 1080ಪಿಗೆ ಇಳಿಸಿ, 10 ಸೆಕೆಂಡಿನ ನಾಲ್ಕು ತುಂಡು ಮಾಡಿ. ತುಂಡಿಗೆ 930 ಎಂಬಿ ಆಸುಪಾಸು, ಆರಾಮಾಗಿ ಆಗುತ್ತೆ. ಒಂದೊಂದನ್ನೇ ರಿವರ್ಸ್ ಮಾಡಿ, ಪ್ರತಿ ಸಲ ಟ್ಯಾಬ್ ಮುಚ್ಚಿ ತೆರೆಯಿರಿ. ಜೋಡಿಸುವಾಗ ಕ್ರಮ 4, 3, 2, 1. ಇಲ್ಲೇ ಎಡವುವುದು: 1, 2, 3, 4 ಅಂತ ಸೇರಿಸಿದರೆ ಹತ್ತು ಸೆಕೆಂಡಿಗೊಮ್ಮೆ ಅಳಿದ ಗೆರೆ ದಿಢೀರನೆ ಮತ್ತೆ ಹಾಜರಾಗುತ್ತೆ. ಕೀಫ್ರೇಮಿನಲ್ಲಷ್ಟೇ ಕತ್ತರಿಸುವ ಟೂಲ್ ಬೇಡ. ಬೆಸುಗೆ ಹತ್ತಿರ ಕೈ ಜಿಗಿಯುತ್ತೆ. ಬಿಟ್‌ರೇಟ್ (ವಿಡಿಯೋದ ಒಂದೊಂದು ಸೆಕೆಂಡಿಗೆ ಬಳಸುವ ಡೇಟಾ) 8 ಎಂಬಿಪಿಎಸ್‌ಗಿಂತ ಕಡಿಮೆ ಇಡಬೇಡಿ, ಪುಡಿಯ ಕಣ ಕಲಸಿಹೋಗುತ್ತೆ.

ಮತ್ತೊಬ್ಬರು: ಸೌಂಡ್ ಮ್ಯೂಟ್ ಮಾಡಿಯೇ ರಿವರ್ಸ್ ಮಾಡಿ. ಬಳೆ ಸದ್ದು ಉಲ್ಟಾ ಆದರೆ ಮೊದಲು ಸುಂಯ್ ಅಂತ ಏರಿ ಆಮೇಲೆ ಟಕ್ ಅನ್ನುತ್ತೆ, ಕೇಳಲಾಗದು. ಹಾಡು, ಅಕ್ಷರ ಎಲ್ಲ ರಿವರ್ಸ್ ಆದ ಮೇಲೆ. ಮೊದಲೇ ಹಾಕಿದರೆ ಅವೂ ಹಿಂದಕ್ಕೆ ಓಡುತ್ತವೆ. ಅಂದಹಾಗೆ ಕೆಲವು ಟೂಲ್‌ನಲ್ಲಿ ಫ್ಲಿಪ್, ಮಿರರ್ ಅಂತ ಬಟನ್ ಪಕ್ಕದಲ್ಲೇ ಇರುತ್ತೆ. ಅದು ಎಡಬಲ ಬದಲಿಸುತ್ತೆ, ಕಾಲವನ್ನಲ್ಲ.

ಇನ್ನೊಬ್ಬರು: ಮನೆಯ ವಿಡಿಯೋ ಸರ್ವರ್‌ಗೆ ಹೋಗುತ್ತಾ ಅನ್ನೋ ಅನುಮಾನ ಇದ್ದರೆ, ಪೇಜ್ ಪೂರ್ತಿ ಲೋಡ್ ಆದ ಮೇಲೆ ವೈಫೈ ಆಫ್ ಮಾಡಿ ಕ್ಲಿಪ್ ಹಾಕಿ ನೋಡಿ. ಆಗಲೂ ಕೆಲಸ ಮುಗಿಸಿದರೆ ಎಲ್ಲ ನಿಮ್ಮ ಮೆಷಿನ್ನಿನಲ್ಲೇ ನಡೆದಿದೆ. ಆದರೆ ವೈಫೈ ಮತ್ತೆ ಆನ್ ಮಾಡುವ ಮೊದಲು ಟ್ಯಾಬ್ ಮುಚ್ಚಿ.

ಪ್ರಶ್ನೆ ಕೇಳಿದವರು: ತುಂಡು ಮಾಡಿದೆ. ಈಗ ಪ್ರಿವ್ಯೂ ಪೂರ್ತಿ ಕಪ್ಪು, ಸೌಂಡ್ ಮಾತ್ರ ಬರ್ತಿದೆ.

ಉತ್ತರ: ಹಾಗಾದರೆ ಬಹುಪಾಲು ಹೆಚ್‌ಇವಿಸಿ ತೊಂದರೆ. ಅದು ವಿಡಿಯೋ ಕುಗ್ಗಿಸುವ ಒಂದು ವಿಧಾನ. ಹಲವು ಹೊಸ ಫೋನುಗಳು ಜಾಗ ಉಳಿಸಲು ಅದರಲ್ಲೇ ರೆಕಾರ್ಡ್ ಮಾಡುತ್ತವೆ, ಕೆಲವು ಬ್ರೌಸರ್‌ಗಳು ಅದನ್ನು ಬಿಚ್ಚಲಾರವು. 1080ಪಿಗೆ ಇಳಿಸುವಾಗಲೇ ಹೆಚ್.264 (ಬ್ರೌಸರ್‌ಗಳು ಬಿಚ್ಚಬಲ್ಲ ಹಳೆಯ ವಿಧಾನ) ಆರಿಸಿ, ಒಂದೇ ಸಲಕ್ಕೆ ಎರಡೂ ಕೆಲಸ ಮುಗಿಯುತ್ತೆ. ಐಫೋನ್ ಆದರೆ ಮುಂದಿನ ಸಲಕ್ಕೆ ಕ್ಯಾಮೆರಾ ಸೆಟ್ಟಿಂಗ್ಸ್, ಫಾರ್ಮ್ಯಾಟ್ಸ್, ಮೋಸ್ಟ್ ಕಂಪ್ಯಾಟಿಬಲ್. ಮತ್ತೆ ಶೂಟ್ ಮಾಡುವುದಾದರೆ ಎಕ್ಸ್‌ಪೋಶರ್ (ಕ್ಯಾಮೆರಾ ತಾನೇ ಬೆಳಕು ಹೊಂದಿಸಿಕೊಳ್ಳುವುದು) ಲಾಕ್ ಮಾಡಿ. ಇಲ್ಲದಿದ್ದರೆ ಕೈ ಬಂದಾಗಲೆಲ್ಲ ನೆಲದ ಬಣ್ಣ ಏರಿಳಿಯುತ್ತೆ. ಫೋನಿಂದ ಲ್ಯಾಪ್‌ಟಾಪಿಗೆ ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ.